ಗಂಜಿಯಕ್ಕ ಮತ್ತು ಮೂರನೇ ಸಾಲು

ತಾರಸಿಯ ಬಾಗಿಲಿಗೆ ಬೀಗ ಜಡಿದ ಆ ಕಟ್ಟಡದ ಸಂಘದ ಸೆಕ್ರೆಟರಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಎದುರಿಗೆ ಸಿಕ್ಕರೆ ಹಲ್ಲು ಕಿರಿಯುತ್ತಾನೆ. ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ. ನನ್ನದು ಮೂಗಿನ ತುದಿಯ ಕೋಪ, ಬಂದಷ್ಟೇ ಬೇಗ ಹೋಗುತ್ತದೆ ಅನ್ನುತ್ತಾಳೆ ಹೆಂಡತಿ. ಇದೊಂದು ಹೋಗಲಿಲ್ಲ.

ಕಡಿಮೆ ಬಾಡಿಗೆಯ, ಐದು ಮಹಡಿಯ ಕಟ್ಟಡ ಅದು. ಮೇಲಿನ ಮಹಡಿಯ ಕೊನೆಯ ಒಂಟಿ ಕೋಣೆಯಲ್ಲಿ ಗಂಜಿಯಕ್ಕ ಇದ್ದಳು. ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆದು, ಗಂಜಿ ಹಾಕಿ, ತಾರಸಿಯಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡುವುದು ಅವಳ ಕಸುಬು. ಬಟ್ಟೆಯ ಮೂಲೆಯನ್ನು ಕೆನ್ನೆಗೆ ಒತ್ತಿ, ಇನ್ನೆಷ್ಟು ಬಿಸಿಲು ಬೇಕೆಂದು ಹೇಳುತ್ತಿದ್ದಳು. ಅದರಲ್ಲೇ ಮಗಳನ್ನು ಸಾಕಿ ದಡ ಸೇರಿಸಿದ್ದಳು. ಗಂಡ ಕೈಬಿಟ್ಟ, ಗಂಜಿ ಕೈಬಿಡಲಿಲ್ಲ ಎಂದು ತನ್ನ ಇಡೀ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು.

ಕಟ್ಟಡದ ನೀರಿನ ಪಂಪು, ಮೆಟ್ಟಿಲ ದೀಪ ಎಲ್ಲ ಡೀಸೆಲ್ ಜನರೇಟರಿನಲ್ಲಿ ನಡೆಯುತ್ತಿದ್ದವು. ಅದರ ಮಸಿ ಅವಳ ಬಿಳಿ ಬಟ್ಟೆಯ ಮೇಲೆ ಬಂದು ಕೂರುತ್ತಿತ್ತು. ತಾರಸಿಗೆ ಸೋಲಾರ್ ಹಾಕಿಸೋಣ, ಹೊಗೆ ತಪ್ಪಲಿ ಎಂಬ ಮಾತು ಬಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವಳು ಅವಳೇ. ಫಿಟ್ಟಿಂಗ್ ಕೆಲಸ ನನ್ನದು. ಅವಳ ಹಗ್ಗಗಳಿಗೆ ಜಾಗ ಉಳಿಯಲೆಂದು ಕಂಬಗಳನ್ನು ಆಳೆತ್ತರಕ್ಕೆ ಎತ್ತಿ, ಅದರ ಮೇಲೆ ಪ್ಯಾನೆಲ್ ಕೂರಿಸಿದೆ. ಜನರೇಟರಿನ ಬಾಯಿ ಮುಚ್ಚಿತು.

ಮಾರನೇ ದಿನವೇ ಸೆಕ್ರೆಟರಿ ಬೀಗ ಜಡಿದ. ಮೇಲೆ ವೈರಿದೆ, ಯಾರಾದರೂ ಮುಟ್ಟಿ ಸತ್ತರೆ ತನ್ನ ತಲೆಗೆ ಬರುತ್ತದೆ ಎಂದ. ಅಕ್ಕ ಬಟ್ಟೆಗಳನ್ನು ವರಾಂಡದಲ್ಲಿ ಹರವಿದಳು. ಮುಗ್ಗಲು ವಾಸನೆ ಬಂತು. ಲಾಡ್ಜಿನವರು ಒಬ್ಬೊಬ್ಬರಾಗಿ ಬಟ್ಟೆ ಕೊಡುವುದು ನಿಲ್ಲಿಸಿದರು. ಅವಳು ಹಾಸಿಗೆ ಹಿಡಿದಳು.

ಆಗಲೇ ಮೂರನೇ ಸಾಲು ಕಾಡತೊಡಗಿತು. ಯಾವ ಸಾಲಿನ ಪ್ಯಾನೆಲ್‌ಗಳಿಂದ ಎಷ್ಟು ಕರೆಂಟು ಬರುತ್ತಿದೆ ಎಂಬುದು ನನ್ನ ಫೋನಿನಲ್ಲಿ ಕಾಣುತ್ತದೆ. ದಿನಾ ಬಿಸಿಲು ನೆತ್ತಿಗೇರಿದಾಗ ಆ ಒಂದು ಸಾಲು ಕುಸಿಯುತ್ತಿತ್ತು, ಯಾರೋ ಏನನ್ನೋ ಹೊದಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ತಾನೇ ಏಳುತ್ತಿತ್ತು. ಕೀಲಿ ಪಡೆದು ಹತ್ತಿದೆ. ಕಾಗೆಗಳಿಗೆ ಬೈದು ಹಿಕ್ಕೆ ತೊಳೆದೆ, ವೈರುಗಳನ್ನು ಬಿಚ್ಚಿ ಕಟ್ಟಿದೆ. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು ನೋಡುವುದು ನಮ್ಮ ಕಸುಬಿನವರ ಅಭ್ಯಾಸ. ಉಳಿದ ಸಾಲುಗಳು ಕಾದ ಹೆಂಚಾಗಿದ್ದವು. ಮೂರನೆಯದು ತಣ್ಣಗಿತ್ತು. ಕೈ ತೆಗೆದು ಮೂಸಿದರೆ ಗಂಜಿಯ ವಾಸನೆ.

ಕಳ್ಳಕೀಲಿ ಇಟ್ಟುಕೊಂಡು ಗಂಜಿಯಕ್ಕನೇ ಹೋಗಿ ಪ್ಯಾನೆಲ್ ಮೇಲೆ ಬಟ್ಟೆ ಹರವುತ್ತಾಳೆ ಎಂದು ಸೆಕ್ರೆಟರಿ ತೀರ್ಪು ಕೊಟ್ಟ. ಎದ್ದು ಕೂರಲಾರದವಳು ಮೆಟ್ಟಿಲು ಹತ್ತುತ್ತಾಳಾ ಎಂದು ಜಗಳಕ್ಕೆ ನಿಂತೆ. "ಅಷ್ಟು ನಂಬಿಕೆ ಇದ್ರೆ ಹೋಗಿ ನಿಮ್ಮಕ್ಕನ ಪಕ್ಕ ಕಾವಲು ಕೂತ್ಕೊಳಪ್ಪಾ" ಎಂದು ಹಂಗಿಸಿದ.

ಕೂತೆ. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಫೋನು ನನ್ನ ತೊಡೆಯ ಮೇಲಿತ್ತು. ಹೊತ್ತು ನೆತ್ತಿಗೆ ಬಂದಾಗ ಅವಳ ಎರಡೂ ಕೈ ಮೇಲೆದ್ದವು. ಇಲ್ಲದ ಬಟ್ಟೆಯೊಂದರ ಎರಡು ಮೂಲೆ ಹಿಡಿದು ಒದರಿದಳು. ಫಟ್ಟೆಂದು ಸದ್ದಾಯಿತು. ಕೋಣೆಯೊಳಗಲ್ಲ, ಮೇಲೆ, ತಾರಸಿಯಲ್ಲಿ. ಫೋನಿನಲ್ಲಿ ಮೂರನೇ ಸಾಲು ಕುಸಿಯಿತು. ಅವಳು ಮೂಲೆಗೆ ಮೂಲೆ ಕೂಡಿಸಿ ಮಡಚಿದಳು. ಸಾಲು ಎದ್ದಿತು.

"ಅಕ್ಕ, ಏನ್ ಮಾಡ್ತಿದ್ದೀಯ?"

"ಒಣಹಾಕ್ತಿದ್ದೀನಿ ತಮ್ಮಾ. ಇಂಥ ಬಿಸಿಲನ್ನ ಸುಮ್ನೆ ಬಿಡೋಕಾಗುತ್ತಾ?"

ಕಂಡದ್ದನ್ನು ಹೇಳಿದೆ. ಹೆದರಲಿಲ್ಲ, ನಾಚಿಕೊಂಡಳು. ತನ್ನಿಂದ ಇಷ್ಟು ಮನೆಗಳ ನೀರಿಗೆ, ದೀಪಕ್ಕೆ ಕಲ್ಲು ಬಿತ್ತಲ್ಲ, ಮತ್ತೆ ಆ ಹೊಗೆ ಯಂತ್ರ ಶುರು ಮಾಡಿಬಿಟ್ಟಾರು ಎಂದು ಮರುಗಿದಳು. ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ನೀನು ಆ ಬಾಗಿಲು ತೆಗೆಸಿಕೊಡು. ಅಲ್ಲೀವರೆಗೂ ಕೈ ಕಟ್ಕೊಂಡಿರ್ತೀನಿ. ಮೇಲೆ ಹೋದ್ರೆ ಬದುಕ್ತೀನಿ ತಮ್ಮಾ, ಇಲ್ಲೇ ಬಿದ್ದಿದ್ರೆ ಇಲ್ಲ."

ತೆಗೆಸುತ್ತೇನೆ ಎಂದು ಮಾತು ಕೊಟ್ಟೆ.

ಮಾರನೇ ದಿನದಿಂದ ಮೂರನೇ ಸಾಲು ಅಲುಗಾಡಲಿಲ್ಲ. ಆದರೆ ನಾನು ಅವಳ ಬಳಿ ಕೂತಿದ್ದ ಹೊತ್ತಿನಲ್ಲೇ ಸೆಕ್ರೆಟರಿ ಹಳೆ ಬೀಗ ಕಿತ್ತು ಹೊಸದು ಹಾಕಿಸಿದ್ದ.

"ನೋಡಿದ್ಯಾ? ಬೀಗ ಬದಲಾಯಿಸಿದ ತಕ್ಷಣ ಸರಿಹೋಯ್ತು. ಇನ್ನು ಬಾಗಿಲು ತೆಗೆಯೋ ಮಾತೇ ಇಲ್ಲ."

ಅವನ ಕೊರಳಪಟ್ಟಿ ಹಿಡಿದೆ. ಜನ ಬಿಡಿಸಿದರು. ಕಂಡದ್ದನ್ನು ಹೇಳಿದ್ದಕ್ಕೆ, ಬಿಸಿಲು ತಲೆಗೇರಿದೆ ಎಂದು ನಕ್ಕರು. ಒಂದೇ ಒಂದು ಸಲ ಕೈ ಎತ್ತು, ಬೀಗದಿಂದ ಆದದ್ದಲ್ಲ ಎಂದು ಗೊತ್ತಾಗಲಿ ಎಂದು ಅಕ್ಕನನ್ನು ಗೋಗರೆದೆ. ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ತಲೆಯಾಡಿಸಿದಳು.

ಮಗಳು ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಹೊದಿಕೆಯೊಳಗೆ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಬಿಡಿಸಲು ನಾವಿಬ್ಬರೂ ಸೇರಬೇಕಾಯಿತು.

ಕಟ್ಟಡದ ಮೆಟ್ಟಿಲುಗಳಲ್ಲಿ ದೀಪ ಉರಿಯುತ್ತದೆ, ಟ್ಯಾಂಕಿಗೆ ನೀರು ಏರುತ್ತದೆ. ಮಧ್ಯಾಹ್ನವಾದರೆ ನಾನು ಎಲ್ಲಿದ್ದರೂ ಫೋನು ತೆಗೆದು ನೋಡುತ್ತೇನೆ, ಒಂದು ಸಲ ಕುಸಿಯಲಿ ಎಂದು. ಕುಸಿಯುವುದಿಲ್ಲ. ಸತ್ತ ಮೇಲೂ ಅವಳು ಮಾತು ಉಳಿಸಿಕೊಂಡಿದ್ದಾಳೆ. ನಾನು ಕೊಟ್ಟ ಮಾತು ಹಾಗೇ ಬಾಕಿ ಇದೆ.