ತೆನೆ ಹೋಯಿತು, ಉತ್ತರ ಬರಲಿಲ್ಲ

ಭೀಮನಬೀಡಿನ ಹೊಲಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಹರದನಹಳ್ಳಿಯ ಸುಂದ್ರಮ್ಮ ದೊಡ್ಡಮಲ್ಲಪ್ಪನವರ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದಾರೆ. ಒಳಗೆ ಕಾಲಿಟ್ಟಿಲ್ಲ.

ಬೆಂಕಿ ರೋಗ ತಗುಲಿದ ತೆನೆಯ ಕುತ್ತಿಗೆ ಕಪ್ಪಾಗುತ್ತದೆ, ಕಾಳು ಜೊಳ್ಳಾಗುತ್ತದೆ. ಮುಂಜಾನೆಯ ತೇವದಲ್ಲಿ ಆ ಕಪ್ಪಿನ ಮೇಲೆ ಬೂದು ಬಣ್ಣದ ಬೂಷ್ಟು ಕಣ್ಣಿಗೆ ಬೀಳುತ್ತದೆ, ಬಿಸಿಲೇರಿದರೆ ಕಾಣದು. ಅಂಥ ತೆನೆಗಳನ್ನು ಆಯ್ದು ಸಂಶೋಧನಾ ಕೇಂದ್ರವೊಂದಕ್ಕೆ ಒಪ್ಪಿಸುವುದು ಸುಂದ್ರಮ್ಮನವರ ದಿನಗೂಲಿಯ ಕೆಲಸ. ಅದಕ್ಕಾಗಿ ಹಿಂದಿನ ಸಂಜೆಯ ಬಸ್ಸಿಗೇ ಬಂದು ನೆಂಟರ ಮನೆಯಲ್ಲಿ ಉಳಿದಿದ್ದಾರೆ.

ಪರರ ಪೈರಿಗೆ ಅವರು ತಾವಾಗಿ ಕೈಹಾಕುವುದಿಲ್ಲ. ಕೊಯ್ಲಿನ ಪೂಜೆಗೆ ಮೊದಲು ಬೇರೆಯವರು ತೆನೆ ಮುರಿದರೆ ಹೊಲದ ಹುಲುಸು ಹೋಗುತ್ತದೆಂಬ ನಂಬಿಕೆ ಇಲ್ಲಿಯದು. ಆದ್ದರಿಂದ ಹೊಲದವರೇ ಕೊಯ್ದು ಕೊಡಬೇಕು, ಇವರು ಸೆರಗೊಡ್ಡಿ ಈಸಿಕೊಳ್ಳಬೇಕು. ಸೆರಗೊಡ್ಡಿದವರು ಮುಂದೆ ಬರಿಗೈಯಲ್ಲಿ ಬರಬಾರದು ಎಂಬುದು ಅದೇ ಕಟ್ಟಳೆಯ ಇನ್ನರ್ಧ.

ಇಂದು ದೊಡ್ಡಮಲ್ಲಪ್ಪನವರ ಕುಡುಗೋಲು ಸೊಂಟ ಬಿಟ್ಟು ಈಚೆಗೆ ಬರುವುದಿಲ್ಲ.

“ಮೂರ್ ವರ್ಷದಿಂದ ತಕ್ಕಂಡೋಯ್ತಾ ಇದ್ದೀಯ ಕಣವ್ವ. ‘ಯಾವ್ ರೋಗ ಅಂತ ನೋಡಿ ಯೋಳ್ತಾರೆ’ ಅಂದೆ. ಯಾರ್ ಯೋಳುದ್ರು?”

“ಯಾರೂ ಯೋಳ್ನಿಲ್ಲ ಕಣಣ್ಣ.”

“ಮತ್ಯಾಕ್ ಬಂದೆ?”

“ಯೋಳ್ಸಕ್ಕೇ ಬಂದೆ. ಕೇಂದ್ರದ ಜೀಪ್ ಬತ್ತದೆ, ಅವ್ರ ಬಾಯಲ್ಲೇ ಯೋಳುಸ್ತೀನಿ. ಇವತ್ತು ನಿನ್ ತೆನೆ ಬ್ಯಾಡ.”

ಸುಂದ್ರಮ್ಮನವರಿಗೆ ಉಳಿಸಿಕೊಳ್ಳಬೇಕಾದದ್ದು ಕೊಟ್ಟ ಮಾತು. ಮೂರು ವರ್ಷಗಳಲ್ಲಿ ಎರಡು ತಾಲ್ಲೂಕಿನ ಹೊಲಗಳಲ್ಲಿ ಅವರು ಅದೇ ಮಾತು ಕೊಟ್ಟಿದ್ದಾರೆ. ಆ ಮಾತಿನ ಬಲದ ಮೇಲೆಯೇ ಜನ ತೆನೆ ಕೊಯ್ದು ಕೊಟ್ಟಿದ್ದಾರೆ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುವ ತೆನೆಗಳನ್ನು ಹಳೆಯ ಪೇಪರಿನಲ್ಲಿ ಒಂದೊಂದಾಗಿ ಸುತ್ತಿ, ಊರು ಬದಲಾದಾಗ ಕೈಕಾಲು ತೊಳೆದು, ಚೀಲ ಹೊತ್ತು ಬಸ್ಸು ಹತ್ತುತ್ತಾರೆ. ಪಕ್ಕದವರು ಸರಿದು ಕೂರುತ್ತಾರೆ. “ರೋಗದ ಮೂಟೆ ನಮ್ಮೂರಲ್ಲಿ ಇಳುಸ್ಬುಟ್ಟೀಯೆ!” ಎನ್ನುತ್ತಾರೆ. “ನಿಮ್ಮೂರಿಂದ್ಲೇ ಹೊತ್ಕಂಡ್ ಹೋಯ್ತಿವ್ನಿ, ಸುಮ್ಕಿರಣ್ಣ,” ಎಂದು ಇವರು ಉತ್ತರಿಸುತ್ತಾರೆ.

ಕೇಂದ್ರದಲ್ಲಿ ಆ ತೆನೆಯ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅದರ ಡಿಎನ್‌ಎ ತೆಗೆದು, ಅಣುಮಟ್ಟದ ಗುರುತುಗಳನ್ನು ಹುಡುಕುತ್ತಾರೆ. ಗುರುತುಗಳು ನೇರಳಾತೀತ ಬೆಳಕಿನಲ್ಲಿ ಪಟ್ಟೆಗಳಾಗಿ ಮೂಡುತ್ತವೆ. ಪಟ್ಟೆಗಳು ಹೊಂದಿದರೆ ಶಿಲೀಂಧ್ರ ಒಂದೇ ಕುಲದ್ದು, ಹೊಂದದಿದ್ದರೆ ಬೇರೆ. ಕಣ್ಣಿಗೆ ಒಂದೇ ಆಗಿ ಕಾಣುವ ರೋಗದೊಳಗೆ ಎಷ್ಟು ಬಗೆಗಳಿವೆಯೆಂದು ತಿಳಿಯುವ ವಿದ್ಯೆ ಇದು. ದೊಡ್ಡ ವಿದ್ಯೆಯೇ, ಸಂದೇಹವಿಲ್ಲ. ಅದರ ಫಲ ಕಳೆದ ವರ್ಷ ದೂರದ ನಗರದ ಸಭೆಯಲ್ಲಿ ಇಂಗ್ಲಿಷಿನಲ್ಲಿ ಓದಲ್ಪಟ್ಟಿತು, ಅಚ್ಚಾಯಿತು. ಲೇಖನದ ಕೊನೆಯಲ್ಲಿ ಹಣ ಕೊಟ್ಟ ಸಂಸ್ಥೆಗೆ, ರಾಸಾಯನಿಕ ಪೂರೈಸಿದವರಿಗೆ, ಬೆರಳಚ್ಚು ಮಾಡಿದವರಿಗೆ ಕೃತಜ್ಞತೆ ಸಲ್ಲಿತು. ತೆನೆ ಕೊಟ್ಟವರ ಸುದ್ದಿಯಿಲ್ಲ, ತಂದವರ ಸುದ್ದಿಯಿಲ್ಲ. “ನನ್ ಹೆಸ್ರು ರೇಷನ್ ಕಾರ್ಡ್ನಾಗೆ ಅದೆ, ಸಾಕು. ಕೊಟ್ಟೋರ್ಗೆ ಒಂದ್ ಮಾತ್ ಯೋಳ್ದೆ ಹೋದ್ರಲ್ಲ, ಅದು ಯಾವ್ ನ್ಯಾಯ?” ಎಂದು ಸುಂದ್ರಮ್ಮ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸಂಬಳ ಪಡೆಯುತ್ತಲೇ ಇದ್ದಾರೆ.

ಬಿಸಿಲೇರುವ ಹೊತ್ತಿಗೆ ಇಂದಿನ ತೆನೆ ಒಯ್ಯಲು ಕೇಂದ್ರದ ಜೀಪು ಬರುತ್ತದೆ. ಇಳಿದವರು ಸಹಾಯಕ ಸಂಶೋಧಕ ಶಾಂತರಾಜು.

“ಸ್ಯಾಂಪಲ್ ಎಲ್ಲಿ ಸುಂದ್ರಮ್ಮ?”

“ತಕ್ಕಂಡಿಲ್ಲ ಸಾ. ಮೊದ್ಲು ಹಿಂದೆ ಕೊಟ್ಟುದ್ರಲ್ಲಿ ಏನ್ ಕಂಡ್ರಿ ಯೋಳಿ.”

“ಅದು ಜರ್ನಲ್‌ನಲ್ಲಿ ಬಂದಿದೆಯಲ್ಲಮ್ಮ. ಇವರಿಗೆ ಅದೆಲ್ಲ ಅರ್ಥ ಆಗಲ್ಲ.”

“ನಮ್ ಹೊಲ್ದಲ್ ಬಂದ ರೋಗ ನಮ್ಗೇ ಅರ್ಥ ಆಗಲ್ವಾ ಸಾ?” ದೊಡ್ಡಮಲ್ಲಪ್ಪನವರ ದನಿ ಏರುತ್ತದೆ. “ಯೋಳಿ. ತಿಳ್ಕಂಡಷ್ಟ್ ತಿಳ್ಕತೀವಿ.”

ಶಾಂತರಾಜು ಜೀಪಿನ ಕಡೆ ಒಮ್ಮೆ ನೋಡಿ, ಬದುವಿನ ಮೇಲೆ ಕೂರುತ್ತಾರೆ. “ಉಮ್ಮತ್ತೂರಿನ ಶಿಲೀಂಧ್ರ, ಹರದನಹಳ್ಳಿಯದು, ಎರಡೂ ಒಂದೇ ಕುಲ. ನಿಮ್ಮ ಊರಿನಲ್ಲಿ ಅದರ ಜೊತೆಗೆ ಇನ್ನೆರಡು ಕುಲ ಇವೆ. ಕುಂಡದಲ್ಲಿ ಬೆಳೆದೂ ನೋಡಿದ್ವಿ. ಉಮ್ಮತ್ತೂರಿನಲ್ಲಿ ರೋಗ ತಡೆಯುವ ಬೀಜ ಇಲ್ಲಿಯ ಎರಡಕ್ಕೆ ಸೋಲುತ್ತೆ.”

“ಉಮ್ಮತ್ತೂರಿಂದೂ ನಮ್ಮೂರಿಂದೂ ಅಣ್ತಮ್ಮಂದ್ರಂತೆ ಕಣಣ್ಣ,” ಸುಂದ್ರಮ್ಮ ಬಿಡಿಸಿ ಹೇಳುತ್ತಾರೆ. “ನಿಮ್ಮೂರಲ್ಲಿ ಬೀಗ್ರೂ ಬಂದು ಬೀಡು ಬುಟ್ಟವ್ರೆ!”

ದೊಡ್ಡಮಲ್ಲಪ್ಪ ನಗುವುದಿಲ್ಲ. ಅವರ ಹೆಂಡತಿಯ ತವರು ಉಮ್ಮತ್ತೂರು. ಎರಡು ವರ್ಷದ ಹಿಂದೆ ಭಾವಮೈದ ಶಿವಣ್ಣ ಕೊಟ್ಟ ಬಿತ್ತನೆ ಈ ಹೊಲದಲ್ಲಿ ಬೆಂಕಿ ರೋಗಕ್ಕೆ ಬಲಿಯಾಯಿತು. ‘ಅಲ್ಲಿ ಚೆನ್ನಾಗಿ ಬಂದದ್ದು ಇಲ್ಲಿ ಕೆಡುವುದೆಂದರೆ ಕೊಟ್ಟವನು ಒಳ್ಳೆಯದನ್ನು ಇಟ್ಟುಕೊಂಡ’ ಎಂದು ಇವರು ತೀರ್ಮಾನಿಸಿದರು. ಮಾತು ನಿಂತಿತು. ಕಳೆದ ಗೌರಿ ಹಬ್ಬಕ್ಕೆ ತವರಿನಿಂದ ಬಂದ ಬಾಗಿನವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು.

ಕೇಂದ್ರಕ್ಕೆ ಸತ್ಯ ತಿಳಿದದ್ದು ಆ ಹಬ್ಬಕ್ಕೂ ಮುಂಚೆ. ಮೂರು ಶತ್ರುಗಳಲ್ಲಿ ಒಬ್ಬನನ್ನು ಮಾತ್ರ ತಡೆಯುವ ಬೀಜ ಮೂವರನ್ನೂ ತಡೆಯಲಿಲ್ಲವೆಂದು ಅದನ್ನು ಕೊಟ್ಟವನಿಗೆ ಕಳ್ಳನ ಹೆಸರು ಬಂತು. ಅದನ್ನು ಅಳಿಸಬಲ್ಲ ಒಂದು ವಾಕ್ಯ ಗ್ರಂಥಾಲಯದ ಕಪಾಟಿನಲ್ಲಿ ಸುಖವಾಗಿ ಕುಳಿತಿತ್ತು. ಇದನ್ನು ಅಲಕ್ಷ್ಯವೆಂದು ಕರೆದರೆ ಮಾತು ಮೆತ್ತಗಾದೀತು.

“ಅಂಗಾರೆ ಶಿವಣ್ಣಂದು ತಪ್ಪಿಲ್ವಾ ಸಾ?”

“ಇಲ್ಲ. ಬೀಜ ಒಳ್ಳೆಯದೇ.”

ದೊಡ್ಡಮಲ್ಲಪ್ಪ ಸೊಂಟದ ಕುಡುಗೋಲನ್ನು ಈಚೆಗೆ ತೆಗೆಯುತ್ತಾರೆ. ಹೊಲಕ್ಕಿಳಿದು ಕಪ್ಪು ಕುತ್ತಿಗೆಯ ತೆನೆಗಳನ್ನು ಕೊಯ್ದು ತರುತ್ತಾರೆ. ಸುಂದ್ರಮ್ಮ ಸೆರಗೊಡ್ಡುತ್ತಾರೆ.

“ಇವತ್ತು ಉಮ್ಮತ್ತೂರ್ಗೆ ಓಗ್ತೀನಿ ಕಣಣ್ಣ. ಶಿವಣ್ಣಂಗೆ ಏನಾರ ಯೋಳ್ಬೇಕಾ?”

“ನೀ ಯೋಳ್ಬ್ಯಾಡ ಬುಡು. ನಾನೇ ಬತ್ತೀನಿ. ನಮ್ಮನೇವ್ಳನ್ನೂ ಕರ್ಕಂಡು ಬತ್ತೀನಿ, ಒಟ್ಟಿಗೇ ಹೋಗನ,” ಎಂದು ಅವರು ಮನೆಯ ಕಡೆ ದಾಪುಗಾಲು ಹಾಕುತ್ತಾರೆ.

ಶಾಂತರಾಜು ಮೆಚ್ಚುಗೆಯಿಂದ ಏನನ್ನೋ ಹೇಳಹೊರಡುತ್ತಾರೆ. ಸುಂದ್ರಮ್ಮ ಅದಕ್ಕೆ ಅವಕಾಶ ಕೊಡುವುದಿಲ್ಲ. ತೆನೆ ಸುತ್ತುತ್ತಲೇ ನುಡಿಯುತ್ತಾರೆ:

“ಒಂದ್ ಮನೇದು ಸರಿ ಹೋಯ್ತು ಸಾ. ಇಂಗೇ ಮಾತ್ ಬುಟ್ಟಿರೋರು ಇನ್ನೆಷ್ಟ್ ಊರಲ್ಲವ್ರೋ. ತೆನೆ ತುಂಬ್ಕಂಡ್ ಹೋಗಕ್ಕೆ ನಿಮ್ ಜೀಪ್ನಾಗೆ ಜಾಗ ಅದೆ. ವಾಪಸ್ ಬರ್ವಾಗ ಒಂದ್ ಮಾತ್ ತರಕ್ಕೆ ಜಾಗ ಇರಲ್ವಾ?”