ಉಪವಾಸವಿದ್ದು ರಕ್ತ ಕೊಡಲು ಹೋದ ಸೋಮವಾರ

೧೯೯೭ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ತರಗತಿ ಪಾಸಾಗಿತ್ತು, ಎಂಟಕ್ಕೆ ಹೆಸರು ಹಚ್ಚಲಿಲ್ಲ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಆಗ ಅಪ್ಪ ಹಾಸಿಗೆ ಹಿಡಿದಿದ್ದ. ಬಿಡು ಅಂತ ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ. ಇದನ್ನು ಹೇಳುವಾಗ ಈಗಲೂ ನನ್ನ ಕುತ್ತಿಗೆ ನೆಟ್ಟಗಾಗುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲ ಹೊಲಿಯುವ ಕೆಲಸಕ್ಕೆ ಸೇರಿದೆ. ಹದಿನೈದು ವರ್ಷ ಕಳೆದ ಮೇಲೆ ಅದೇ ರಸ್ತೆಯಲ್ಲಿ ನನ್ನದೇ ಒಂದು ಸಣ್ಣ ಮಿಲ್ಲು ಹಾಕಿದೆ.

ನನ್ನ ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಡಿಗ್ರಿ ಮುಗಿಸಿದವನು ಎಲ್ಲೂ ಅರ್ಜಿ ಹಾಕದೆ ನೇರ ಮಿಲ್ಲಿಗೆ ಬಂದ. ಬೈದೆ, ಕೇಳಲಿಲ್ಲ. ಅಂದಿನಿಂದ ಶೇಂಗಾ ಕೊಳ್ಳುವುದು ಅವನ ಕೆಲಸ, ಎಣ್ಣೆ ತೆಗೆಯುವುದು ನನ್ನದು. ಬೈಕಿನಲ್ಲಿ ಕೊಂಡ್ಲಹಳ್ಳಿ, ರಾಂಪುರದ ಕಡೆ ಹೊರಟರೆ ಸಂಜೆಗೇ ವಾಪಸ್ಸು. ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜ ಎಂಥದು ಅಂತ ಹೇಳುತ್ತಿದ್ದ. ತೆಲುಗು ಮಾತಾಡುವ ರೈತರ ಹತ್ತಿರ ತೆಲುಗಿನಲ್ಲೇ ಚೌಕಾಶಿ ಮಾಡುತ್ತಿದ್ದ. ಸಂಜೆ ಬಂದು ಚೀಲಗಳ ಮೇಲೆ ಕಾಲು ಚಾಚಿ, ಆ ದಿನ ಸಿಕ್ಕವರ ಒಬ್ಬೊಬ್ಬರ ಧ್ವನಿಯನ್ನೂ ತೆಗೆದು ತೋರಿಸುತ್ತಿದ್ದ. ನಾನು ಸುಲಭಕ್ಕೆ ನಗುವವನಲ್ಲ. ಆ ಹೊತ್ತಿನಲ್ಲಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ.

ತಮ್ಮನಿಗೆ ಬಿಟ್ಟೂ ಬಿಡದ ಜ್ವರ ಶುರುವಾಯಿತು. ತೊಡೆಯ ಮೇಲೆ ಪೆಟ್ಟು ಬೀಳದೆಯೇ ನೀಲಿ ಕಲೆಗಳು. ದಾವಣಗೆರೆಯಲ್ಲಿ ತೋರಿಸಿದೆವು, ಅವರು ಬೆಂಗಳೂರಿಗೆ ಕಳಿಸಿದರು. ರಕ್ತದ ಕ್ಯಾನ್ಸರ್ ಅಂದರು. ಡಾಕ್ಟರು ನಮ್ಮ ಕಸುಬು ಏನು ಅಂತ ಕೇಳಿದರು. ಶೇಂಗಾ ಮಿಲ್ಲು ಅಂದಾಗ ಬರೆಯುತ್ತಿದ್ದ ಪೆನ್ನು ನಿಂತಿತು. ಶೇಂಗಾ ಧೂಳಿನಲ್ಲಿ ಬೂಷ್ಟು ಇರುತ್ತದೆ, ನಮ್ಮಂಥವರಿಗೆ ಅದು ಏನೂ ಮಾಡಲ್ಲ, ಆದರೆ ಔಷಧಿ ಏರಿಸಿ ರಕ್ತದ ಶಕ್ತಿ ಇಳಿದಿರುವ ಇವರ ಎದೆಗೆ ಹೋದರೆ ಪ್ರಾಣಕ್ಕೇ ಬರುತ್ತದೆ ಅಂದರು. ಮಿಲ್ಲಿನ ಬಟ್ಟೆಯಲ್ಲಿ ಯಾರೂ ಹತ್ತಿರ ಸುಳಿಯಬಾರದು.

ಅವನನ್ನು ಉಳಿಸಲು ದುಡ್ಡು ತರಬೇಕಾಗಿದ್ದುದು ಆ ಮಿಲ್ಲೇ. ಸರ್ಕಾರದ ಕಾರ್ಡು ಒಂದಷ್ಟು ಭರಿಸಿತು, ಹೊರಗಿನಿಂದ ತರುವ ಔಷಧಿಗೆ ಅದು ಸಾಲಲಿಲ್ಲ. ಮನೆ ಕಟ್ಟಲು ಇಟ್ಟಿದ್ದ ಸೈಟು ಮಾರಿದೆ. ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ಉಳಿದಳು, ನಾನು ಮಿಲ್ಲಿನಲ್ಲಿ ಉಳಿದೆ. ಭಾನುವಾರಕ್ಕೊಮ್ಮೆ ತಲೆಗೆ ಎರೆದುಕೊಂಡು, ಒಗೆದ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆ. ಆದರೂ ಮೈಯಲ್ಲಿ ಎಲ್ಲೋ ಧೂಳು ಉಳಿದಿದೆ ಅನ್ನಿಸಿ ವಾರ್ಡಿನ ಬಾಗಿಲಲ್ಲೇ ಹತ್ತು ನಿಮಿಷ ನಿಂತು, ಬಿಲ್ಲು ಕಟ್ಟಿ ಹಿಂತಿರುಗುತ್ತಿದ್ದೆ. ಅವನು ಹಾಸಿಗೆಯಿಂದ ಕೈ ಎತ್ತುತ್ತಿದ್ದ. ನಾನೂ ಎತ್ತುತ್ತಿದ್ದೆ.

ಚಳ್ಳಕೆರೆ ಮಾರುಕಟ್ಟೆಯ ವ್ಯಾಪಾರಿಗಳು, ಹಮಾಲರು, ಲಾರಿಯವರು ಸೇರಿ ಒಂದಿಷ್ಟು ಹಣ ಎತ್ತಿದ್ದರು. ತಂದುಕೊಟ್ಟವನು ನಮ್ಮ ಸರಕು ಹೊರುವ ಲಾರಿಯ ಡ್ರೈವರು. ನಾನು ಮುಟ್ಟಲಿಲ್ಲ. ನನ್ನ ರಟ್ಟೆ ಇನ್ನೂ ಗಟ್ಟಿ ಇದೆ, ನಮ್ಮ ಮನೆಯ ಕಾಯಿಲೆಗೆ ಊರು ಜೋಳಿಗೆ ಹಿಡಿಯುವುದು ಬೇಡ ಅಂದೆ. ಅವನು ಹಣ ಎತ್ತಿಕೊಂಡು ಹೋದ.

ಶ್ರಾವಣ ಬಂತು. ತಮ್ಮ ಮಲಗಿದಾಗಿನಿಂದ ನಾನು ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತು ಪ್ರತಿ ಸೋಮವಾರ ಹನಿ ನೀರೂ ಮುಟ್ಟದೆ ಇರುತ್ತಿದ್ದೆ. ಒಂದು ಭಾನುವಾರ ಸಂಜೆ, ನಾನು ಆಸ್ಪತ್ರೆಯಿಂದ ಊರಿಗೆ ಮರಳಿದ ಮೇಲೆ, ತಮ್ಮನ ಹೆಂಡತಿ ಫೋನು ಮಾಡಿದಳು. ಪ್ಲೇಟ್‌ಲೆಟ್ ತೀರಾ ಇಳಿದಿತ್ತು, ಬೆಳಿಗ್ಗೆಯೇ ಯಾರಾದರೂ ಬಂದು ರಕ್ತ ಕೊಡಬೇಕಾಗಿತ್ತು. ನನ್ನದೂ ಅವನದೂ ಒಂದೇ ಗುಂಪು. ಉಪವಾಸದ ದಿನವೇ ಕೂಡಿಬಂತು, ಮಡಿಯಲ್ಲಿ ಕೊಟ್ಟ ರಕ್ತ ಅವನಿಗೆ ಹತ್ತುತ್ತದೆ ಅಂದುಕೊಂಡೆ. ಕಾರು ಓಡಿಸಲು ಅದೇ ಡ್ರೈವರನ್ನು ಕರೆದೆ. ಹಿರಿಯೂರಿನಲ್ಲಿ ಅವನು ಗಾಡಿ ನಿಲ್ಲಿಸಿ ಇಡ್ಲಿ ತಿನ್ನುವಾಗ ತಡವಾಗುತ್ತದೆ ಅಂತ ರೇಗಿದೆ.

ರಕ್ತ ತೆಗೆಯುವ ಕಡೆ ನರ್ಸಮ್ಮ ಬೆಳಿಗ್ಗೆ ಏನು ತಿಂದಿರಿ ಅಂತ ಕೇಳಿದರು. ನೀರು ಸಹ ಮುಟ್ಟಿಲ್ಲ ಅಂತ ಹೆಮ್ಮೆಯಿಂದ ಹೇಳಿದೆ. ಅವರು ಅರ್ಜಿ ಪಕ್ಕಕ್ಕೆ ಸರಿಸಿದರು. ಖಾಲಿ ಹೊಟ್ಟೆಯವರಿಂದ ತೆಗೆಯುವುದಿಲ್ಲವಂತೆ. ಹೊಟ್ಟೆ ತುಂಬ ತಿಂದು ಬರಬೇಕಂತೆ.

ನಾನು ಅಲ್ಲೇ ನಿಂತೆ. ಹರಕೆಯೂ ಅವನಿಗಾಗಿ, ರಕ್ತವೂ ಅವನಿಗಾಗಿ. ಮುರಿದರೆ ಏನಾಗುತ್ತದೋ ಅಂತ ಕಾಲು ಕ್ಯಾಂಟೀನಿನ ಕಡೆ ಏಳಲಿಲ್ಲ. ಅಷ್ಟರಲ್ಲಿ ಡ್ರೈವರು ಅಂಗಿಯ ತೋಳು ಮಡಚಿಕೊಂಡಿದ್ದ. ಅವನ ರಕ್ತವೂ ಹೊಂದುತ್ತಿತ್ತು.

"ಸಾವ್ಕಾರ್ರೆ, ದುಡ್ಡು ಬ್ಯಾಡ ಅಂದ್ರಿ, ಸರಿ. ಇದು ನಿಮಗಲ್ಲ ಬಿಡ್ರಿ, ಅವರಿಗೆ," ಅಂದು ಹೋಗಿ ಮಲಗಿದ.

ಸಂಜೆ ವಾರ್ಡಿನ ಬಾಗಿಲಿಗೆ ಹೋದೆ. ಸುದ್ದಿ ಆಗಲೇ ತಮ್ಮನಿಗೆ ತಲುಪಿತ್ತು. ಮಾಸ್ಕಿನ ಹಿಂದೆ ನಗುತ್ತಿದ್ದ.

"ನಾನಿಲ್ಲಿ ಕೇಳಿದ್ದು ರಕ್ತ. ನೀನು ಹಸಿವು ತಗಂಡು ಬಂದೀಯಲ್ಲಣ್ಣ."

ನಾನೂ ನಗಲು ನೋಡಿದೆ. ಅವನು ಹತ್ತಿರ ಬಾ ಅಂತ ಬೆರಳಾಡಿಸಿದ. ಧೂಳು ಅಂದೆ.

"ದುಡ್ಡು ಕಳ್ಸಿದ್ದು ಸಾಕು. ಮಾರ್ಕೆಟ್ನೋರು ಕೊಡ್ತೀವಿ ಅಂದಿದ್ದು ಇಸ್ಕ. ಮಿಲ್ಲಿಗೆ ಬೀಗ ಹಾಕಿ ಬಂದು ಇಲ್ಲಿ ಕೂತ್ಕ."

"ಎಷ್ಟು ದಿನಲೇ?"

"ನಾನು ಬ್ಯಾಡ ಅನ್ನೋ ತನಕ."

ಮರುದಿನ ಮಾರುಕಟ್ಟೆಗೆ ಹೋಗಿ ಆ ಹಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಯಾರ ಮುಖವನ್ನೂ ನೋಡಲು ಆಗಲಿಲ್ಲ. ಅವರು ಮಾತ್ರ ಏನೂ ಆಗದವರ ಹಾಗೆ ತಮ್ಮನ ಊಟದ ವಿಚಾರ, ನಿದ್ದೆಯ ವಿಚಾರ ಕೇಳಿದರು. ಮಿಲ್ಲಿಗೆ ಬೀಗ ಹಾಕಿದೆ. ತಲೆ ಬೋಳಿಸಿಕೊಂಡೆ, ಕೂದಲಲ್ಲಿ ಧೂಳು ಕೂರದಿರಲಿ ಅಂತ. ಹೊಸ ಅಂಗಿ ಮೂರು ಕೊಂಡೆ. ನನ್ನ ತಲೆ ನೋಡಿ ತಮ್ಮ ತನ್ನ ತಲೆ ಸವರಿಕೊಂಡ. ಔಷಧಿಗೆ ಅವನ ಕೂದಲೂ ಉದುರಿತ್ತು.

ಮಂಚದ ಪಕ್ಕ ನಲವತ್ತೊಂದು ದಿನ ಕೂತೆ. ಬಾಯಿಹುಣ್ಣಿನಿಂದ ಅವನಿಗೆ ಮಾತಾಡಲು ಕಷ್ಟವಾಗುತ್ತಿತ್ತು. ಹಾಗಾಗಿ ಕಥೆ ಹೇಳುವುದು ನನ್ನ ಪಾಲಿಗೆ ಬಂತು. ರಾಂಪುರದ ಮುದುಕ ಚೀಲದ ಕೆಳಗೆ ಜಳ್ಳು ಕಾಯಿ ಇಟ್ಟು ಸಿಕ್ಕಿಬಿದ್ದದ್ದು, ಅವನ ಹೆಂಡತಿ ತಮ್ಮನಿಗೇ ಬೈದು ಮಜ್ಜಿಗೆ ಕೊಟ್ಟದ್ದು. ನನಗೆ ಧ್ವನಿ ತೆಗೆಯಲು ಬರುತ್ತಿರಲಿಲ್ಲ, ತೆಲುಗಂತೂ ಹರಕು ಮುರುಕು. ತಪ್ಪಿದಾಗ ಅವನು ಕಣ್ಣು ಮುಚ್ಚಿಕೊಂಡೇ ಬೆರಳು ಅಲ್ಲಾಡಿಸುತ್ತಿದ್ದ. ಮತ್ತೆ ಮೊದಲಿಂದ ಹೇಳುತ್ತಿದ್ದೆ.

ಬೇಡ ಅಂತ ಅವನು ಹೇಳಲೇ ಇಲ್ಲ. ಕಾರ್ತಿಕಕ್ಕೆ ಮೊದಲು ತೀರಿಕೊಂಡ.

ಅವನಿಲ್ಲದೆ ಹೋದದ್ದಕ್ಕಿಂತ, ಬಾಗಿಲಲ್ಲೇ ನಿಂತು ಹಿಂತಿರುಗಿದ ಆ ಭಾನುವಾರಗಳು ನನ್ನನ್ನು ಕಾಡುತ್ತವೆ. ಬಾಗಿಲಿಂದ ಹಾಸಿಗೆಗೆ ಎಂಟು ಹೆಜ್ಜೆ ಇದ್ದಿರಬೇಕು. ಆ ಎಂಟು ಹೆಜ್ಜೆ ಇಡಲು ಈಗ ನನ್ನ ಜೀವ ಎಳೆಯುತ್ತದೆ. ಮಿಲ್ಲು ನಿಂತು ಸದ್ದಡಗಿದ ಮೇಲೆ, ಇನ್ನೊಂದು ಗಳಿಗೆಗೆ ಬೈಕು ಬರುತ್ತದೆ ಅಂತ ಮೈ ತಾನಾಗಿ ಕಾಯುತ್ತದೆ.

ಈಗ ನನಗೆ ಇರುವುದು ವರ್ಷಕ್ಕೆ ಏಳು ತಿಂಗಳು ಓಡುವ ಒಂದು ಮಿಲ್ಲು, ಒಂದು ಬಾಡಿಗೆ ಮನೆ. ಸೈಟಿಲ್ಲ. ಅವ್ವ, ನನ್ನ ಹೆಂಡತಿ, ಮಗ, ತಮ್ಮನ ಹೆಂಡತಿ, ಅವನ ಮಗಳು, ನಾನು. ಉಣ್ಣಲು ಕೂತರೆ ಆರು ಜನ.