ಊಟಕ್ಕೆ ಮುಂಚಿನ ಫೋನು

ನಮ್ಮ ಆಫೀಸಿನಲ್ಲಿ ಮುರಳೀಧರನನ್ನು ಹೆಂಡತಿಗೆ ಹೆದರುವ ಗಂಡನೆಂದೇ ಎಲ್ಲರೂ ತಿಳಿದಿದ್ದಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳದ ಮೇಲೆ ಒಂದು ಕೈ ಇಟ್ಟುಕೊಂಡೇ ಮನೆಗೆ ಫೋನು ಮಾಡುತ್ತಾನೆ. ಕೇಳುವುದು ಒಂದೇ ಪ್ರಶ್ನೆ: "ಏನಾದ್ರೂ ಫೋನ್ ಬಂದಿತ್ತಾ?" ಆ ಕಡೆಯಿಂದ ಉತ್ತರ ಬಂದ ಮೇಲೆಯೇ ಮುಚ್ಚಳ ತೆರೆಯುವುದು. ಅನ್ನ ತಿನ್ನುವುದಕ್ಕೂ ಇವನಿಗೆ ಮನೆಯಿಂದ ಪರ್ಮಿಷನ್ ಬೇಕೇ ಎಂದು ಡಚ್ ಸಹೋದ್ಯೋಗಿಗಳು ನಗುತ್ತಾರೆ. ಅವನೂ ಸುಮ್ಮನೆ ನಗುತ್ತಾನೆ. ಪಕ್ಕದ ಮೇಜಿನಲ್ಲಿ ಕೂರುವ ನನಗೆ ಮಾತ್ರ ಆ ಹೊತ್ತಿಗೆ ಸರಿಯಾಗಿ ಏನಾದರೂ ಕೆಲಸ ಬಂದುಬಿಡುತ್ತದೆ.

ಮುರಳಿ ಮೈಸೂರಿನವನು. ನೆದರ್‌ಲ್ಯಾಂಡ್ಸಿನ ಹೇಗ್ ನಗರದ ಪಕ್ಕದ ವೂರ್‌ಬರ್ಗಿನಲ್ಲಿ ನನ್ನ ಮನೆಯಿಂದ ಎರಡು ಬಾಗಿಲು ಆಚೆ ಅವನ ಫ್ಲಾಟು. ಟ್ರಾಮ್ ಬರುವುದಕ್ಕೆ ಆರು ನಿಮಿಷ ಮೊದಲೇ ಹೋಗಿ ನಿಲ್ಲುವವನು, ಅಂಗಡಿಯ ಪ್ಲಾಸ್ಟಿಕ್ ಚೀಲವನ್ನೂ ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುವವನು. ಒಂಬತ್ತು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಹನ್ನೆರಡು ವರ್ಷ ದೊಡ್ಡವನಾದ ಅಣ್ಣ ಕಿಟ್ಟಣ್ಣ ಪುಸ್ತಕ ಬೈಂಡು ಮಾಡುವ ಅಂಗಡಿ ಇಟ್ಟುಕೊಂಡು ಇವನನ್ನು ಓದಿಸಿದ. ಇವನ ಇಂಜಿನಿಯರಿಂಗ್ ಪುಸ್ತಕಗಳೆಲ್ಲ ಇವತ್ತಿಗೂ ಕಿಟ್ಟಣ್ಣ ಹಾಕಿದ ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟಿನಲ್ಲೇ ಇವೆ. ತಂದೆ ಹೋದ ದಿನ ಸ್ಕೂಲಿನಿಂದ ಬಂದ ತಮ್ಮನನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಹೊಟ್ಟೆ ತುಂಬ ಊಟ ಹಾಕಿಸಿ, ಕೈ ತೊಳೆಸಿ, ಆಮೇಲೆ ಕಿಟ್ಟಣ್ಣ ವಿಷಯ ಹೇಳಿದನಂತೆ. ಇದನ್ನು ಮುರಳಿ ನನಗೆ ಎಷ್ಟೋ ಸಲ ಹೇಳಿದ್ದ. "ಎರಡನೇ ಸಲ ಹುಳಿ ಹಾಕಿಸ್ಕೊಂಡೆ ಕಣೋ ಅವತ್ತು," ಎನ್ನುತ್ತಿದ್ದ. ಅದು ಅಣ್ಣನ ಮೇಲಿನ ಮೆಚ್ಚುಗೆಯೋ ದೂರೋ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ತೊಂಬತ್ತೆಂಟರ ಮೇ ತಿಂಗಳಲ್ಲಿ ಅವನ ಮೇಲಿನ ಮನೆಯ ನೀರಿನ ಪೈಪು ಒಡೆಯಿತು. ಛಾವಣಿ ತೊಟ್ಟಿಕ್ಕಿತು, ಗೋಡೆ ಉಬ್ಬಿತು, ಫೋನು ಸತ್ತಿತು. ಆ ವಾರ ಹೇಗ್‌ನಲ್ಲಿ ಯಾವುದೋ ದೊಡ್ಡ ಸಮ್ಮೇಳನವಿದ್ದುದರಿಂದ ಸಾಧಾರಣ ಹೋಟೆಲುಗಳೆಲ್ಲ ಭರ್ತಿ. ಇನ್ಶೂರೆನ್ಸಿನವರು ವಿಧಿಯಿಲ್ಲದೆ ಅವನನ್ನೂ ಹೆಂಡತಿ ಮೈಥಿಲಿಯನ್ನೂ ಏಳು ವರ್ಷದ ಮಗಳು ಅನನ್ಯಾಳನ್ನೂ ಹೇಗ್‌ನ ಒಂದು ಭಾರಿ ಹೋಟೆಲಿಗೆ ಹಾಕಿದರು. ಎದುರಿಗೆ ಹಳೆಯ ಮರಗಳ ಸಾಲು, ಬಾಗಿಲಲ್ಲಿ ಉದ್ದ ಕೋಟಿನವನು, ಒಳಗೆ ಹೆಜ್ಜೆಯ ಸದ್ದೇ ಕೇಳದಂಥ ರತ್ನಗಂಬಳಿ. ಮುರಳಿ ನಾಚಿಕೊಂಡು ಸತ್ತ. ಕೆಲಸದವಳು ಬರುವ ಮೊದಲೇ ಎದ್ದು ಹಾಸಿಗೆಯನ್ನು ತಾನೇ ಸರಿಮಾಡಿಡುತ್ತಿದ್ದ. ಅಲ್ಲಿನ ನಂಬರನ್ನು ಊರಿಗೆ ಕೊಡಲಿಲ್ಲ. "ಆಪರೇಟರ್ ಇಂಗ್ಲಿಷಲ್ಲಿ ಮಾತಾಡಿಸಿದ್ರೆ ಅಣ್ಣ ಗಾಬರಿಯಾಗಿ ಇಟ್ಬಿಡ್ತಾನೆ. ನಿನ್ ನಂಬರ್ ಕೊಟ್ಟಿದೀನಿ ಹರಿ," ಎಂದ.

ಶನಿವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ನನ್ನ ಮನೆಯ ಫೋನು ಬಡಿದುಕೊಂಡಿತು. ಕಿಟ್ಟಣ್ಣನ ಮಗ ಕಿಶನ್.

"ಅಂಕಲ್, ಅಪ್ಪ ಹೋಗ್ಬಿಟ್ರು. ಅಂಗಡೀಲಿ ಅಂಟು ಕಲಸ್ತಾ ಕೂತಿದ್ರು, ಹಾಗೇ ಒರಗಿದ್ರು. ಚಿಕ್ಕಪ್ಪ ಇವತ್ತೇ ಹೊರಟ್ರೆ ನಾಳೆ ಮಧ್ಯಾಹ್ನದವರೆಗೂ ಐಸ್ ಹಾಕಿ ಇಟ್ಕೊಂಡಿರ್ತೀವಿ. ಅದಕ್ಕಿಂತ ಜಾಸ್ತಿ ಆಗಲ್ಲ ಅಂತಿದಾರೆ ಎಲ್ಲಾ. ಮುಖ ನೋಡ್ಲಿ ಅವರು."

ಆ ಹೊತ್ತಿಗೆ ಮುರಳಿ ಎಲ್ಲಿದ್ದ ಎನ್ನುತ್ತೀರಿ? ಎರಡು ಬಾಗಿಲು ಆಚೆ, ತನ್ನ ಒದ್ದೆ ಫ್ಲಾಟಿನಲ್ಲಿ. ಬರೀ ಕಾಫಿ ಕುಡಿದು ಏಳು ಗಂಟೆಗೇ ಬಂದು ನೆಲದ ನೀರು ಬಳಿದು ತೆಗೆಯುತ್ತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರೆ ಅರ್ಧ ನಿಮಿಷದ ದಾರಿ. ಹೋಗಲಿಲ್ಲ. ಹೋಟೆಲಿಗೆ ಫೋನು ಮಾಡಿ ಮೈಥಿಲಿಗೆ ಹೇಳಿದೆ.

"ಈಗ್ಲೇ ಹೋಗಿ ಹೇಳ್ಬಿಡ್ತೀರಾ ಅವರಿಗೆ?" ಎಂದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವನು. ಸಾವಿನ ಸುದ್ದಿ ಕೇಳಿದ್ಮೇಲೆ ಸ್ನಾನ ಮಾಡ್ತಾನೆ, ಅಲ್ಲಿ ಬೆಂಕಿ ಕೊಡೋವರೆಗೂ ಒಂದು ತುತ್ತು ಮುಟ್ಟಲ್ಲ. ಅಷ್ಟು ದೂರ ಹೋಗ್ಬೇಕು. ಊಟ ಆಗ್ಲಿ, ಆಮೇಲೆ ನೀವೇ ಹೇಳಿ. ಫ್ಲೈಟ್ ಹೇಗಿದ್ರೂ ಸಂಜೆ ತಾನೆ?" ಎಂದೆ ನಾನು.

ನಮ್ಮವರೆಲ್ಲ ಊರಿಗೆ ಹೋಗುತ್ತಿದ್ದುದು ಸಂಜೆಯ ವಿಮಾನದಲ್ಲೇ. ಆ ಬೇಸಿಗೆಯಿಂದ ಶನಿವಾರ ಅದು ಇಲ್ಲವೆಂದೂ, ಇದ್ದದ್ದು ಮಧ್ಯಾಹ್ನ ಎರಡೂ ನಲವತ್ತರದ್ದು ಮಾತ್ರವೆಂದೂ ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಲು ಒಂದು ಫೋನು ಸಾಕಿತ್ತು. ಉಪದೇಶ ಮಾಡುವುದರಲ್ಲಿ ನಾನು ಬಹಳ ಚುರುಕು. ಹನ್ನೊಂದೂವರೆಗೆ ಮುರಳಿ ಬಕೆಟ್ಟು ಒಳಗಿಟ್ಟು ಟ್ರಾಮಿಗೆ ಹೊರಟ. ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಬೀಸಿದ. ನಾನೂ ಬೀಸಿದೆ.

ಮುಂದಿನದನ್ನು ಮೈಥಿಲಿ ಆಮೇಲೆ ಹೇಳಿದ್ದು. ಅಲ್ಲಿಯವರೆಗೆ ಆ ಹೋಟೆಲಿನ ದೊಡ್ಡ ಊಟದ ಹಾಲಿಗೆ ಕಾಲಿಡದಿದ್ದ ಮುರಳಿ, ಮಗಳ ಹಟಕ್ಕೆ ಅವತ್ತೇ ಒಪ್ಪಿದ್ದ. ಅಲ್ಲಿ ಬ್ರೆಡ್ಡು ಬರುವುದಕ್ಕೆ ಕಾಲು ಗಂಟೆ, ಸೂಪಿಗೆ ಇನ್ನರ್ಧ ಗಂಟೆ. ಮೈಥಿಲಿ ತಟ್ಟೆ ಮುಟ್ಟಲಿಲ್ಲ. ಯಾಕೆಂದು ಕೇಳಿದ್ದಕ್ಕೆ "ಶನಿವಾರ ಅಲ್ವಾ, ಉಪವಾಸ," ಎಂದಳು. ಹೊಟ್ಟೆಗೆ ಬಿದ್ದ ಮೇಲೆ ಮುರಳಿ ಗೆಲುವಾದ. ಬೆಳ್ಳಿಯ ಫೋರ್ಕನ್ನು ತಿರುಗಿಸಿ ನೋಡುತ್ತ, "ಅಣ್ಣನ್ನ ಒಂದ್ಸಲ ಇಲ್ಲಿ ಕೂರಿಸಿ ಊಟ ಹಾಕಿಸ್ಬೇಕು ಕಣೇ. ಕೈಯಲ್ಲೇ ತಿಂತಾನೆ, ತಿನ್ಲಿ ಬಿಡು," ಎಂದನಂತೆ. ಅನನ್ಯಾ ಡಚ್ಚಿನಲ್ಲಿ ಐಸ್‌ಕ್ರೀಮ್ ಕೇಳಿದಳು. ಅದೂ ಬಂತು. ಕಾಫಿಯೂ ಬಂತು.

ಎರಡೂಕಾಲಿಗೆ ರೂಮಿನಲ್ಲಿ ಮೈಥಿಲಿ ಹೇಳಿದಳು. ಮುರಳಿ ಅಳಲಿಲ್ಲ. "ಫೋನ್ ಎಷ್ಟೊತ್ತಿಗೆ ಬಂತು?" ಎಂದು ಕೇಳಿದ.

"ಹನ್ನೊಂದಕ್ಕೆ."

"ಹನ್ನೊಂದಕ್ಕೆ," ಎಂದು ತಾನೂ ಒಮ್ಮೆ ಹೇಳಿದ. ಆಮೇಲೆ ವಿಮಾನ ನಿಲ್ದಾಣಕ್ಕೆ ಫೋನು ಮಾಡಿ ವಿಚಾರಿಸಿ ಕೆಳಗಿಟ್ಟ. ಮುಂದಿನ ವಿಮಾನ ಭಾನುವಾರ ಮಧ್ಯಾಹ್ನ, ಮೈಸೂರು ಮುಟ್ಟುವುದು ಸೋಮವಾರ. ಕಿಶನ್‌ಗೆ ಫೋನು ಮಾಡಿ, ಕಾಯಬೇಡಿ ಎಂದ.

ನಾನು ಹೋಟೆಲಿಗೆ ಹೋಗುವ ಹೊತ್ತಿಗೆ ಅವನು ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹಾಕಿಕೊಂಡು ಬಂದು, ರತ್ನಗಂಬಳಿಯ ಮೇಲೆ ತೊಟ್ಟಿಕ್ಕಿದ ನೀರನ್ನು ಟವೆಲಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದ. ಬೆಳಿಗ್ಗೆ ತನ್ನ ಮನೆಯಲ್ಲಿ ಮಾಡಿದ ಕೆಲಸವನ್ನೇ ಮಾಡುತ್ತಿದ್ದ. ತಲೆಯೆತ್ತಿ ನನ್ನನ್ನು ನೋಡಿ, "ಊಟ ಆಯ್ತಾ ಹರಿ?" ಎಂದ. ಮೈಥಿಲಿ ನನ್ನ ಕಡೆ ನೋಡಿ, ಅವನಿಗೆ ಕೇಳುವಂತೆ, "ನಂದೇ ತಪ್ಪು. ಊಟ ಆಗ್ಲಿ ಅಂತ ನಾನೇ ಕಾದೆ," ಎಂದಳು. ನಾನು ಇನ್ನೊಂದು ಟವೆಲು ತೆಗೆದುಕೊಂಡು ಅವನ ಪಕ್ಕ ಕೂತು ನೀರು ಒತ್ತತೊಡಗಿದೆ.

ಇನ್ನೂ ನಾಲ್ಕು ದಿನ ಅವರು ಅಲ್ಲೇ ಇರಬೇಕಾಯಿತು. ಅಷ್ಟು ಮೆತ್ತನೆಯ ಮಂಚ ಬಿಟ್ಟು ಮುರಳಿ ಸೂತಕದಲ್ಲಿ ನೆಲದ ಮೇಲೆ ಮಲಗಿದ. ಬರೀ ಬೇಯಿಸಿದ ಅನ್ನ ಸಾಕೆಂದರೆ, ಅಡುಗೆಯವರು ಮನಸ್ಸು ತಡೆಯದೆ ಅದರ ಮೇಲೊಂದು ಹಸಿರು ಎಲೆ ಸಿಕ್ಕಿಸಿ ಕಳಿಸುತ್ತಿದ್ದರು. ಅವನು ಆ ಎಲೆಯನ್ನು ತೆಗೆದು ಪಕ್ಕಕ್ಕಿಟ್ಟು ತಿನ್ನುತ್ತಿದ್ದ. ಸೋಮವಾರ ಆಫೀಸಿಗೂ ಬಂದ. ಹೆಂಡತಿಯನ್ನು ಒಂದು ಮಾತು ಬೈದದ್ದಿಲ್ಲ. ಬೈದಿದ್ದರೆ ಅವಳಿಗೂ ನನಗೂ ಎಷ್ಟೋ ಹಗುರವಾಗುತ್ತಿತ್ತು. ವೈಕುಂಠ ಸಮಾರಾಧನೆಗೆ ಊರಿಗೆ ಹೋಗಿ, ಹಾರ ಹಾಕಿದ ಫೋಟೋ ನೋಡಿಕೊಂಡು ಬಂದ. ಬಂದ ಮರುದಿನವೇ ಹನ್ನೆರಡೂವರೆಯ ಫೋನು ಶುರುವಾಯಿತು.

ಈ ವರ್ಷ ಜನವರಿಯಲ್ಲಿ ಒಂದು ದಿನ ಮನೆಯ ಲೈನು ಮುಕ್ಕಾಲು ಗಂಟೆ ಎಂಗೇಜ್ ಇತ್ತು. ಅವನು ಡಬ್ಬಿ ತೆರೆಯಲೇ ಇಲ್ಲ. "ತಿನ್ನೋ, ಏನಾಗಿರತ್ತೆ?" ಎಂದು ಬಾಯಿತಪ್ಪಿ ಅಂದೆ. "ನೀನ್ ತಿನ್ನು ಹರಿ," ಎಂದ. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ ಆ ದನಿಯಲ್ಲಿ. ಕೊನೆಗೆ ಲೈನು ಸಿಕ್ಕಿತು. ಅದೇ ಪ್ರಶ್ನೆ ಕೇಳಿದ. ಅವಳು ಇಲ್ಲವೆಂದಿರಬೇಕು. ಮುಚ್ಚಳ ತೆಗೆದು ಮೊಸರನ್ನ ತಿನ್ನತೊಡಗಿದ.

ಊಟ ಆಗಲಿ ಎಂದವನು ನಾನು ಎಂದು ಮೈಥಿಲಿ ಇವತ್ತಿಗೂ ಅವನಿಗೆ ಹೇಳಿಲ್ಲ. ಹೇಳಬೇಕಾದವನು ನಾನು. ಪ್ರತಿದಿನ ಬೆಳಿಗ್ಗೆ ಟ್ರಾಮಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡೇ ಬರುತ್ತೇನೆ. ಹನ್ನೆರಡೂವರೆಗೆ ಅವನು ಫೋನು ಇಟ್ಟು ಡಬ್ಬಿ ತೆರೆಯುತ್ತಾನೆ. ನಾನು ಅವನ ಕಡೆ ಕುರ್ಚಿ ತಿರುಗಿಸುತ್ತೇನೆ. ಅವನು ಮೊದಲ ತುತ್ತು ಬಾಯಿಗಿಡುವುದನ್ನು ನೋಡಿ, ಪಾಪ, ಊಟ ಆಗಲಿ, ಆಮೇಲೆ ಹೇಳೋಣ ಎಂದುಕೊಳ್ಳುತ್ತೇನೆ.